ಮಕ್ಕಳ, ಕುಟುಂಬಗಳ ಕೆಲಸಕ್ಕೆ ಓದಬೇಕೆಂದಿರುವ ಮುಂಬಯಿ ಕನ್ನಡಿಗರಿಗೆ: ಒಂದು ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ, ಬಿಎ ಮುಗಿಸಿದ ನಮ್ಮ ಕುರ್ಲಾ ಚಾಳಿನ ಹುಡುಗಿಯೊಬ್ಬಳು ಮನೆಗೆ ಬಂದಳು. "ಅಕ್ಕಾ, ನಂಗೆ ಮಕ್ಕಳ ಜೊತೆ ಕೆಲಸ ಮಾಡುವ ಆಸೆ. ಟೀಚರ್ ಆಗೋದಲ್ಲ, ನೀವು ಮಾಡ್ತೀರಲ್ಲ, ಅಂಥದ್ದು. ಏನು ಓದ್ಬೇಕು?" ಅಂದಳು. ಅರ್ಧ ಗಂಟೆ ಮಾತಾಡಿದೆವು, ಸಾಲಲಿಲ್ಲ. ಆಮೇಲೆ ಅದೇ ಪ್ರಶ್ನೆಯನ್ನು ಹೋಟೆಲಿನಲ್ಲಿ ಕ್ಯಾಶಿಗೆ ಕೂರುವ ಹುಡುಗ ಕೇಳಿದ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಓದಬೇಕೆನ್ನುವ ಡೊಂಬಿವಲಿಯ ಗೃಹಿಣಿ ಕೇಳಿದರು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ನಾನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಿದವಳು. 15 ವರ್ಷಗಳಿಂದ ಮುಂಬಯಿಯ ಕಟ್ಟಡ ಸೈಟುಗಳಲ್ಲಿ, ಝೋಪಡಪಟ್ಟಿಗಳಲ್ಲಿ ಮಕ್ಕಳು ಮತ್ತು ತಾಯಂದಿರ ನಡುವೆ ಇದ್ದೇನೆ.

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಾಲೇಜಿನ ಹೆಸರಿಗಿಂತ ಎರಡು ಸಂಗತಿ ಮುಖ್ಯ: ವಾರದಲ್ಲಿ ಎಷ್ಟು ದಿನ ನಿಮ್ಮನ್ನು ಕ್ಷೇತ್ರಕಾರ್ಯಕ್ಕೆ (ಜನರ ನಡುವೆ ಹೋಗಿ ಕೆಲಸ ಕಲಿಯಲು) ಕಳಿಸುತ್ತಾರೆ, ನೀವು ಬರೆದು ತಂದ ವರದಿಯನ್ನು ಯಾರು ಕೂತು ಓದುತ್ತಾರೆ. ಈ ಎರಡು ಗಟ್ಟಿಯಾಗಿದ್ದರೆ ಸಾಧಾರಣ ಕಾಲೇಜಿನಿಂದಲೂ ಒಳ್ಳೆಯ ಕಾರ್ಯಕರ್ತೆ ಹೊರಬರುತ್ತಾಳೆ.

ಮೊದಲ ಹೆಜ್ಜೆ: ಕೆಲಸವನ್ನು ಹತ್ತಿರದಿಂದ ನೋಡಿ

ಅರ್ಜಿ ತುಂಬುವ ಮೊದಲು ಕನಿಷ್ಠ 3 ತಿಂಗಳು ಎಲ್ಲಾದರೂ ಸ್ವಯಂಸೇವಕರಾಗಿ ಹೋಗಿ. ಮುಂಬಯಿಯಲ್ಲಿ ಇದಕ್ಕೆ ಜಾಗಗಳ ಕೊರತೆಯಿಲ್ಲ. 1972ರಿಂದ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಸೈಟುಗಳಲ್ಲೇ ಶಿಶುಪಾಲನಾ ಕೇಂದ್ರ ನಡೆಸುವ ಮುಂಬಯಿ ಮೊಬೈಲ್ ಕ್ರೆಶಸ್ ಇದೆ. 1988ರಲ್ಲಿ ಇಲ್ಲಿ ಶುರುವಾಗಿ ಆಮೇಲೆ ಪುಣೆಗೂ ಹಬ್ಬಿದ ಡೋರ್ ಸ್ಟೆಪ್ ಸ್ಕೂಲ್ ಇದೆ. ಧಾರಾವಿಯಲ್ಲಿ ತಾಯಿ-ಮಕ್ಕಳ ಆರೋಗ್ಯಕ್ಕೆ ದುಡಿಯುವ ಸ್ನೇಹಾ ಇದೆ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆ ಹತ್ತಿರದಲ್ಲಿದ್ದರೆ ಅಲ್ಲಿನ ಶಿಕ್ಷಕರನ್ನೂ ಕೇಳಿ. ಸಂಜೆ ಓದಿಸಲು ಜನ ಬೇಕೆಂದು ಅವರು ಯಾವಾಗಲೂ ಹೇಳುತ್ತಾರೆ.

ಹೋದಾಗ ಮಕ್ಕಳನ್ನು ಎತ್ತಿ ಆಡಿಸುವುದರ ಜೊತೆಗೆ ಅಲ್ಲಿನ ಕಾರ್ಯಕರ್ತೆಯ ಹಿಂದೆ ಒಂದು ಇಡೀ ದಿನ ನಡೆಯಿರಿ. ಬೆಳಿಗ್ಗೆ ಕೇಂದ್ರದಲ್ಲಿ ಹಾಜರಿ, ಹತ್ತು ಗಂಟೆಗೆ ಜ್ವರ ಬಂದ ಕೂಸನ್ನು ದವಾಖಾನೆಗೆ ಒಯ್ಯುವುದು, ಮಧ್ಯಾಹ್ನ ವಾರ್ಡ್ ಆಫೀಸಿನಲ್ಲಿ ಜನನ ದಾಖಲೆಗೆ ಸಾಲು ನಿಲ್ಲುವುದು, ಸಂಜೆ ಕುಡಿದು ಬಂದ ಅಪ್ಪನ ಜೊತೆ ಮಾತು, ರಾತ್ರಿ ವರದಿ. ಮಕ್ಕಳ ಜೊತೆ ಕಳೆಯುವ ಸಮಯ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ದೊಡ್ಡವರ ಜೊತೆ, ಕಾಗದಪತ್ರದ ಜೊತೆ ಕಳೆಯುವುದೇ ಹೆಚ್ಚು. ಇದನ್ನು ಕಂಡ ಮೇಲೂ ಮನಸ್ಸು ಅಲ್ಲೇ ನಿಂತರೆ ಮುಂದೆ ಹೋಗಿ.

ಎರಡನೆಯ ಹೆಜ್ಜೆ: ದಾರಿ ಆರಿಸಿಕೊಳ್ಳಿ

ಇಲ್ಲಿ ನಾಲ್ಕು ದಾರಿಗಳಿವೆ. ಜನ ಇವನ್ನು ಒಂದರೊಳಗೊಂದು ಬೆರೆಸಿಕೊಂಡು, ಎರಡು ವರ್ಷ ಕಳೆದ ಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಸಮಾಜಕಾರ್ಯ ಅಂದರೆ ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ. ಮಗುವನ್ನು ಮನೆ, ಶಾಲೆ, ಪೊಲೀಸ್ ಠಾಣೆ, ಆಸ್ಪತ್ರೆ, ಕಾನೂನು ಇವೆಲ್ಲದರ ನಡುವೆ ಇಟ್ಟು ನೋಡುವ ಓದು ಇದು. ಮಕ್ಕಳ ರಕ್ಷಣೆ, ಬಾಲಗೃಹ, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ ಎಲ್ಲ ಕಡೆಗೂ ಬಾಗಿಲು ತೆರೆಯುತ್ತದೆ. ಯಾವುದೇ ಪದವಿಯವರು ಎಂಎಸ್‌ಡಬ್ಲ್ಯೂಗೆ ಬರಬಹುದು, ಬಿಕಾಂ ಮಾಡಿದವರೂ ಸಹ.

ಗೃಹವಿಜ್ಞಾನದ ಶಾಖೆಯಾದ ಮಾನವ ವಿಕಾಸ ಎಂಬುದು ಮಗುವಿನ ಬೆಳವಣಿಗೆಯನ್ನೇ ಆಳವಾಗಿ ಓದಿಸುತ್ತದೆ. ಬಾಲವಾಡಿ (ಶಿಶುವಿಹಾರ), ಪಠ್ಯ ತಯಾರಿ, ಪೋಷಕರ ತರಬೇತಿ, ಅಂಗನವಾಡಿ ಮೇಲ್ವಿಚಾರಣೆಯ ಕಡೆ ಒಲವಿದ್ದರೆ ಇದು. ಮಹಾರಾಷ್ಟ್ರದಲ್ಲಿ ಈ ಕೆಲಸಕ್ಕೆ ದೊಡ್ಡ ಪರಂಪರೆಯಿದೆ. ಬಾಲಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಪಾಲ್ಘರ್ ಕಡೆಯ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ಕಟ್ಟಿದರು, ಜೊತೆಗೆ ಅನುತಾಯಿ ವಾಘ್ ಇದ್ದರು. ಆದಿವಾಸಿ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಹಾಗಾದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದು ಹೊರಟಾಗ ಹುಟ್ಟಿದ ಹೆಸರು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಪುಟ್ಟ ಮಕ್ಕಳ ಪೋಷಣೆ-ಬೆಳವಣಿಗೆಗಾಗಿ ಕೇಂದ್ರದ ಐಸಿಡಿಎಸ್ ಯೋಜನೆ ಶುರುವಾದಾಗ ಅದೇ ಹೆಸರು ಇಡೀ ದೇಶಕ್ಕೆ ಹೋಯಿತು. ನಮ್ಮೂರಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು "ಅಂಗನವಾಡಿಗೆ ಹೋಗಿ ಬರ್ತೇನೆ" ಎನ್ನುವ ತಾಯಿಯ ಬಾಯಲ್ಲಿರುವುದು ಅವರ ಮಾತು.

ಮೂರನೆಯದು ವಿಶೇಷ ಶಿಕ್ಷಣ. ಕಿವಿ ಕೇಳದ, ಆಟಿಸಂ ಇರುವ, ಕಲಿಕೆಯ ತೊಂದರೆ ಇರುವ ಮಕ್ಕಳ ಜೊತೆ ಕೆಲಸ. ಇಲ್ಲಿ ಒಂದು ವಿಷಯ ಬಿಡದೆ ಪರೀಕ್ಷಿಸಿ: ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ? 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು ಈ ಪರಿಷತ್ತಿನ ನೋಂದಣಿ ಬೇಕು. ಮಾನ್ಯತೆಯಿಲ್ಲದ ಆರು ತಿಂಗಳ ಡಿಪ್ಲೊಮಾಗೆ ಸಾವಿರಾರು ರೂಪಾಯಿ ಕಟ್ಟಿ ಕೈಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಬಾಂದ್ರಾ ರಿಕ್ಲಮೇಶನ್ನಿನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ವಾಕ್-ಶ್ರವಣ ಕ್ಷೇತ್ರದ ಒಳ್ಳೆಯ ಕೋರ್ಸುಗಳಿವೆ.

ನಾಲ್ಕನೆಯದು ಮನಃಶಾಸ್ತ್ರ. ಇದಕ್ಕೆ ಎಂಎವರೆಗೂ, ಅದರಾಚೆಗೂ ಓದುವ ತಾಳ್ಮೆ ಬೇಕು. ಅಂಚೆ ಮೂಲಕ ಓದಿದರಾಯಿತು ಎಂದುಕೊಂಡವರು ಗಮನಿಸಿ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸಬಾರದೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. ಹಳೆಯ ಜಾಹೀರಾತು ನಂಬಿ ದುಡ್ಡು ಕಟ್ಟಬೇಡಿ.

ಮೂರನೆಯ ಹೆಜ್ಜೆ: ಸಂಸ್ಥೆ

ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಶುರುವಾದದ್ದು. ಮಾರನೆಯ ವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆದ ಸಂಸ್ಥೆ ಅದು. ಮಕ್ಕಳು ಮತ್ತು ಕುಟುಂಬಗಳನ್ನೇ ಮುಖ್ಯವಾಗಿಟ್ಟ ಸಮಾಜಕಾರ್ಯದ ಎಂಎ ಅಲ್ಲಿ ನಡೆದುಬಂದಿದೆ. ಇವತ್ತು ದೇಶದ ಯಾವ ಮೂಲೆಯಿಂದಲೂ ಮಕ್ಕಳು ಒತ್ತುವ ಸಹಾಯವಾಣಿ 1098, 1996ರ ಜೂನ್‌ನಲ್ಲಿ ಅಲ್ಲಿನ ಕ್ಷೇತ್ರಕಾರ್ಯ ಯೋಜನೆಯಾಗಿಯೇ ಹುಟ್ಟಿತು. ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಮೂಲಕ. 2024 ಮತ್ತು 2025ರಲ್ಲಿ ಆ ಪರೀಕ್ಷೆ ಮಾರ್ಚ್‌ನಲ್ಲೇ ಶುರುವಾಯಿತು. ಹಾಗಾಗಿ ಪದವಿಯ ಕೊನೆಯ ವರ್ಷದ ದೀಪಾವಳಿಯಿಂದಲೇ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು. ಮೇ ತಿಂಗಳಲ್ಲಿ ಫಲಿತಾಂಶ ಬಂದ ಮೇಲೆ ನೋಡೋಣ ಅಂದರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ನ್ಯೂ ಮರೀನ್ ಲೈನ್ಸಿನ ನಿರ್ಮಲಾ ನಿಕೇತನ ಸಮಾಜಕಾರ್ಯ ಕಾಲೇಜು 1955ರದ್ದು. ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಎರಡೂ ಇವೆ. ಪಿಯುಸಿ ಮುಗಿಸಿ ನೇರ ಈ ಕ್ಷೇತ್ರಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೆಣ್ಣುಮಕ್ಕಳಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯವಿದೆ, ಮಾನವ ವಿಕಾಸ ಓದಲು ಅದರ ಜುಹೂ ಆವರಣಕ್ಕೆ ಹೋಗಬೇಕು. ಪುಣೆಯವರಿಗೆ 1963ರ ಕರ್ವೆ ಸಮಾಜ ಸೇವಾ ಸಂಸ್ಥೆ. ಗೋವಾದಲ್ಲಿ ಪಣಜಿಯ ಡಾನ್ ಬಾಸ್ಕೊ ಕಾಲೇಜಿನಲ್ಲಿ ಬಿಎಸ್‌ಡಬ್ಲ್ಯೂ ಇದೆ. ವಾಸ್ಕೊದ ಬೈನಾ, ಜುವಾರಿನಗರದ ಕನ್ನಡ ಮನೆಗಳ ಮಕ್ಕಳು ಇದನ್ನು ಗಮನದಲ್ಲಿಡಿ. ಗೋವಾಕ್ಕೆ 2003ರಿಂದ ತನ್ನದೇ ಮಕ್ಕಳ ಕಾಯ್ದೆಯೂ ಇದೆ, ಅಲ್ಲಿ ಕೆಲಸ ಮಾಡುವವರು ಅದನ್ನು ಪ್ರತ್ಯೇಕವಾಗಿ ಓದಬೇಕು.

ದುಡಿಯುತ್ತಲೇ ಓದಬೇಕಾದವರಿಗೆ ಇಗ್ನೊ, ಅಂದರೆ ದೂರಶಿಕ್ಷಣದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ. ಪಿಯುಸಿ ಆದವರಿಗೆ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ, ಪದವೀಧರರಿಗೆ ಎಂಎಸ್‌ಡಬ್ಲ್ಯೂ. ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಲೋಟ ತೊಳೆದು ಓದಿ ಮೇಲೆ ಬಂದವರ ಊರು ಇದು. ನನ್ನ ಅಪ್ಪ ಅವರಲ್ಲೊಬ್ಬರು. ಇಗ್ನೊ ಎಂದರೆ ಕಡಿಮೆ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಂದೇ ಎಚ್ಚರ: ಅಲ್ಲಿಯೂ ಕ್ಷೇತ್ರಕಾರ್ಯವಿದೆ, ಅದನ್ನು ಪರಿಚಯದವರಿಂದ ಸಹಿ ಹಾಕಿಸಿ ಮುಗಿಸಬೇಡಿ.

ಯಾವ ಕಾಲೇಜಿಗೆ ಹೋದರೂ ಹಿರಿಯ ವಿದ್ಯಾರ್ಥಿಗಳನ್ನು ಹಿಡಿದು ಕೇಳಿ: ಕ್ಷೇತ್ರಕಾರ್ಯ ವಾರಕ್ಕೆ ಎರಡು ದಿನ ಇದೆಯೇ? ಐಸಿ, ಅಂದರೆ ಮೇಲ್ವಿಚಾರಕರ ಜೊತೆ ಒಬ್ಬರೇ ಕೂತು ಮಾಡುವ ಚರ್ಚೆ, ಪ್ರತಿ ವಾರ ಆಗುತ್ತದೆಯೇ ಅಥವಾ ಪರೀಕ್ಷೆಯ ಮುಂಚೆ ಮಾತ್ರವೇ? ಅವರು ತಡವರಿಸಿದರೆ ಅದೇ ಉತ್ತರ.

ನಾಲ್ಕನೆಯ ಹೆಜ್ಜೆ: ಕಾಗದಪತ್ರ

ಕರ್ನಾಟಕದಿಂದ ಬಂದ ಕುಟುಂಬಗಳು ಎಡವುವುದು ಇಲ್ಲೇ. ಮಹಾರಾಷ್ಟ್ರದ ಡೊಮಿಸೈಲ್‌ಗೆ (ನಿವಾಸಿ ಪ್ರಮಾಣಪತ್ರಕ್ಕೆ) 15 ವರ್ಷದ ವಾಸ್ತವ್ಯ ತೋರಿಸಬೇಕು. ಶಾಲೆಯ ದಾಖಲೆ, ರೇಶನ್ ಕಾರ್ಡ್, ಬಾಡಿಗೆ ಕರಾರು, ಲೈಟ್ ಬಿಲ್ ಏನೇ ಇರಲಿ, ಈಗಲೇ ಒಂದು ಫೈಲಿನಲ್ಲಿ ಕೂಡಿಡಿ.

ಜಾತಿ ಪ್ರಮಾಣಪತ್ರದ ವಿಷಯ ಇನ್ನೂ ಸೂಕ್ಷ್ಮ. ವಲಸೆ ಬಂದವರಿಗೆ ಕೇಂದ್ರದ ಸೌಲಭ್ಯಗಳು ಊರಿನ ರಾಜ್ಯದ ಪಟ್ಟಿಯಂತೆ ಸಿಗುತ್ತವೆ, ಆದರೆ ಬಂದು ನೆಲೆಸಿದ ರಾಜ್ಯದ ಮೀಸಲಾತಿ ಸಿಗುವುದಿಲ್ಲ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ವಿಜಯಪುರದ ತಾಂಡಾದಿಂದ ಬಂದ ಹುಡುಗಿ ಊರಿನ ಸರ್ಟಿಫಿಕೇಟ್ ಹಿಡಿದು ಇಲ್ಲಿನ ರಾಜ್ಯದ ಸೀಟಿಗೆ ಅರ್ಜಿ ಹಾಕಿ ಕೊನೆಯ ಹಂತದಲ್ಲಿ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಅರ್ಜಿಗೆ ಮುಂಚೆಯೇ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಇದನ್ನು ಖಚಿತ ಮಾಡಿಕೊಳ್ಳಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಮಹಾಡಿಬಿಟಿ ಜಾಲತಾಣವಿದೆ.

ಐದನೆಯ ಹೆಜ್ಜೆ: ಭಾಷೆಯನ್ನು ಹದ ಮಾಡಿಕೊಳ್ಳಿ

ಮರಾಠಿ ಇಲ್ಲದೆ ಇಲ್ಲಿ ಆಗದು. ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಬಾಲಕಲ್ಯಾಣ ಸಮಿತಿಯ ಮುಂದೆ, ಠಾಣೆಯಲ್ಲಿ, ಅಂಗನವಾಡಿ ಸೇವಿಕೆಯ ಜೊತೆ ಎಲ್ಲ ಮರಾಠಿಯೇ. ಮಾತಾಡಲು ಬಂದರಷ್ಟೇ ಸಾಲದು, ಅರ್ಜಿ ಬರೆಯಲೂ ಬರಬೇಕು. ದಿನಕ್ಕೊಂದು ಪುಟ ಮರಾಠಿ ಪತ್ರಿಕೆ ಓದಿ.

ಕನ್ನಡ ಬರುತ್ತದೆ ಎಂದು ನಾನು ಬೀಗಿದ್ದೆ. ನಮ್ಮದು ಉಡುಪಿ ಕಡೆಯ ಮನೆ. ಸೈಟಿಗೆ ಹೋದ ಮೊದಲ ದಿನ ಯಾದಗಿರಿಯ ತಾಯಿಯೊಬ್ಬಳು "ಕೂಸಿಗಿ ಜಡ್ಡಾಗ್ಯಾದ್ರೀ ಅಕ್ಕೋರೆ, ಮೊಲಿ ಹಿಡೀವಲ್ದು" ಅಂದಳು. ಜಡ್ಡು ಅಂದರೆ ಕಾಯಿಲೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವಳಿಗೆ ನನ್ನದು ಪುಸ್ತಕದ ಕನ್ನಡ, ನನಗೆ ಅವಳದು ಹೊಸ ಕನ್ನಡ. ಅಂದಿನಿಂದ ಒಂದು ಸಣ್ಣ ವಹಿಯಲ್ಲಿ ಪದ ಬರೆದುಕೊಳ್ಳುತ್ತ ಬಂದೆ: ಬ್ಯಾನಿ (ನೋವು), ಹೊರಗಾಗೋದು (ಮುಟ್ಟಾಗುವುದು), ದೃಷ್ಟಿ ತೆಗೆಯೋದು. ನೀವೂ ಅಂಥದೊಂದು ವಹಿ ಇಟ್ಟುಕೊಳ್ಳಿ.

ಇದು ಯಾಕೆ ಮುಖ್ಯ ಎಂದು ಒಂದು ಘಟನೆಯಿಂದ ಹೇಳುತ್ತೇನೆ. ಒಂದು ಬಾಲವಾಡಿಯಲ್ಲಿ ಐದು ವರ್ಷದ ಹುಡುಗಿಯನ್ನು "ಮಂದ ಬುದ್ಧಿ ಇರಬೇಕು, ಬಣ್ಣವೇ ಗೊತ್ತಿಲ್ಲ" ಎಂದು ಪರೀಕ್ಷೆಗೆ ಕಳಿಸಲು ಹೊರಟಿದ್ದರು. ನಾನು ಹಸಿರು ಕಡ್ಡಿಯೊಂದನ್ನು ಹಿಡಿದು "ಇದ್ಯಾವ ಬಣ್ಣ ಅವ್ವಿ?" ಅಂದೆ. ಸ್ವಲ್ಪ ಹೊತ್ತು ನೋಡಿ "ಜ್ವಾಳದ ಗರಿ ಬಣ್ಣ" ಅಂದಳು. ಕೆಂಪಿಗೆ "ಕುಂಕುಮದ್ದು" ಅಂದಳು. ಬಣ್ಣ ಅವಳಿಗೆ ಗೊತ್ತಿತ್ತು, ಮರಾಠಿ ಗೊತ್ತಿರಲಿಲ್ಲ. ಮಗುವಿನ ಬೆಳವಣಿಗೆಯನ್ನು ಅದರ ಮನೆಮಾತಿನಲ್ಲೇ ನೋಡಬೇಕು ಎಂಬ ಪಾಠ ಪುಸ್ತಕದಲ್ಲೂ ಇದೆ. ಅವತ್ತು ನನಗೆ ಅದು ಮನದಟ್ಟಾಯಿತು.

ಇನ್ನೊಂದು ಮಾತು. ತಾಯಿಗೆ ಭಾಷೆ ಬರುವುದಿಲ್ಲವೆಂದು ಅವಳ ಮಗಳನ್ನೇ ದುಭಾಷಿ ಮಾಡಬೇಡಿ. ಗಂಡ ಹೊಡೆದದ್ದನ್ನು ಒಂಬತ್ತು ವರ್ಷದ ಮಗುವಿನ ಬಾಯಿಂದ ಹೇಳಿಸುವುದು ಆ ಮಗುವಿಗೆ ನಾವು ಮಾಡುವ ಎರಡನೆಯ ಪೆಟ್ಟು.

ಆರನೆಯ ಹೆಜ್ಜೆ: ಓದುವಾಗ ಬಾಯಿಪಾಠವೇ ಆಗಬೇಕಾದ್ದು

ಸಿದ್ಧಾಂತಗಳು ತರಗತಿಯಲ್ಲಿ ಬರುತ್ತವೆ, ಅವನ್ನು ಇಲ್ಲಿ ವಿವರಿಸುವುದಿಲ್ಲ. ಆದರೆ ಕೆಲವು ಸಂಗತಿಗಳು ರಾತ್ರಿ ಎಬ್ಬಿಸಿ ಕೇಳಿದರೂ ಹೇಳುವಂತಿರಬೇಕು. 2015ರ ಬಾಲನ್ಯಾಯ ಕಾಯ್ದೆಯಂತೆ ರಕ್ಷಣೆ ಬೇಕಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವಿನ ಮನೆ-ಪರಿಸ್ಥಿತಿ ತಿಳಿಯುವ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಸುಗ್ಗಿಗೆ ಊರಿಗೆ ಹೋಗಿ ಬರುವ ನಮ್ಮ ಮಕ್ಕಳಿಗೆ ಇದು ಜೀವದ ಮಾತು. 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕೆಂದು 1996ರ ಕಾಯ್ದೆಯ ಸೆಕ್ಷನ್ 35 ಹೇಳುತ್ತಿತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಬಿಲ್ಡರನ ಎದುರು ಕೂತಾಗ ಈಗಿನ ಕಾನೂನಿನ ಸೆಕ್ಷನ್ ಇಂಥದ್ದು ಎಂದು ಹೇಳಲು ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯನ್ನು ಬೇರೆಯಾಗಿ ಹೇಳಬೇಕು. 18ರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೂ ಅಪರಾಧ. ಹಾಗಾಗಿ ಮಗು "ಯಾರಿಗೂ ಹೇಳ್ಬಾರ್ದು, ಆಣೆ ಮಾಡಿ" ಅಂದಾಗ ಆಣೆ ಮಾಡಬಾರದು. ವಿದ್ಯಾರ್ಥಿಗಳು ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಇದು. ನಾನು ಹೇಳಿಕೊಡುವ ಮಾತು: "ನೀನು ಹೇಳಿದ್ದನ್ನ ಸಿಕ್ಕಸಿಕ್ಕವರಿಗೆ ಹೇಳಲ್ಲ. ಆದ್ರೆ ನಿನ್ನ ಕಾಪಾಡ್ಲಿಕ್ಕೆ ಕೆಲವರಿಗೆ ಹೇಳ್ಬೇಕಾಗ್ತದೆ. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದ್ಲು ತಿಳಿಸ್ತೀನಿ." ಇದನ್ನು ಗಟ್ಟಿಯಾಗಿ, ಕನ್ನಡಿ ಮುಂದೆ ನಿಂತು, ಹತ್ತು ಸಲ ಹೇಳಿ ಅಭ್ಯಾಸ ಮಾಡಿ. ಆ ಗಳಿಗೆಯಲ್ಲಿ ಹೊಸದಾಗಿ ಮಾತು ಹುಡುಕಲಾಗುವುದಿಲ್ಲ.

ಏಳನೆಯ ಹೆಜ್ಜೆ: ಕ್ಷೇತ್ರಕಾರ್ಯ ಮತ್ತು ಬರವಣಿಗೆ

ನನ್ನ ಓದಿನ ಮೊದಲ ವರ್ಷ, ಮೂರನೆಯ ವಾರ. ತಗಡಿನ ಶೆಡ್ಡಿನಲ್ಲಿ ಒಂದೂವರೆ ವರ್ಷದ ಗಂಡುಮಗು. ತೋಳಿನ ಸುತ್ತಳತೆ ತೆಗೆಯುವ ಪಟ್ಟಿ ನನ್ನ ಕೈಯಲ್ಲಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಅದು. ತೋಳು 12.5 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಸಿರು, 11.5ರಿಂದ 12.5 ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ನಾನು ಪಟ್ಟಿ ಚಾಚಿದೆ, ತಾಯಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. "ಅಳತಿ ಬ್ಯಾಡ್ರಿ" ಅಂದಳು, ಅಷ್ಟೇ. ನಾನು ಹಿಂದೆ ಬಂದೆ. ಅಂದಿನ ವರದಿಯಲ್ಲಿ ಬರೆದೆ: "ತಾಯಿಗೆ ಮಗುವಿನ ಆರೋಗ್ಯದ ಕಾಳಜಿ ಇಲ್ಲ. ಸಹಕರಿಸಲಿಲ್ಲ."

ಮೇಲ್ವಿಚಾರಕಿ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು: "ಕಾಳಜಿ ಇಲ್ಲ ಅನ್ನೋದು ನಿನಗೆ ಕಂಡದ್ದಾ, ಅನಿಸಿದ್ದಾ?" ಮತ್ತೆ ಬರೆಯಲು ಹೇಳಿದರು. ಎರಡನೆಯ ಸಲ ಬರೆದದ್ದು ಹೀಗಿತ್ತು: "ಮಧ್ಯಾಹ್ನ 12.40. ತಾಯಿ ಊಟದ ಬಿಡುವಿನಲ್ಲಿ ಬಂದು ಮೊಲೆಯೂಡಿಸುತ್ತಿದ್ದಳು. ಮಗುವಿನ ಕಾಲಿಗೆ ಕರಿದಾರ, ಕೆನ್ನೆಗೆ ಕಾಡಿಗೆ ಬೊಟ್ಟು. ಪಟ್ಟಿ ನೋಡಿ ಮಗುವನ್ನು ಮುಚ್ಚಿಕೊಂಡಳು. ಅಳತೆ ಬೇಡ ಎಂದಳು. ಕಾರಣ ಕೇಳಲಿಲ್ಲ." ಬರೆದ ಮೇಲೆ ನನಗೇ ಕಂಡಿತು. ಕರಿದಾರ ಕಟ್ಟಿ, ಬೊಟ್ಟಿಟ್ಟು, ಅರ್ಧ ಗಂಟೆಯ ಬಿಡುವಿನಲ್ಲಿ ಓಡಿಬಂದು ಹಾಲು ಕೊಡುವವಳಿಗೆ ಕಾಳಜಿ ಇಲ್ಲವೇ? ಮರುವಾರ ಹೋಗಿ ಮೊದಲು ಪಟ್ಟಿಯನ್ನು ಅವಳ ಕೈಗೇ ಕೊಟ್ಟೆ, ನನ್ನ ಮಣಿಕಟ್ಟಿಗೆ ಸುತ್ತಿ ನೋಡೆಂದೆ. ನಕ್ಕಳು. ಆಮೇಲೆ ತಾನೇ ಮಗುವಿನ ತೋಳಿಗೆ ಸುತ್ತಿದಳು. ಹಳದಿ ಬಂತು. ಬೆಳೆಯುವ ಕೂಸನ್ನು ಅಳೆದರೆ ದೃಷ್ಟಿಯಾಗುತ್ತದೆ ಎಂದು ಅತ್ತೆ ಹೇಳಿದ್ದಳಂತೆ.

ವರದಿ ಬರೆಯುವ ಕ್ರಮ ಇದರಿಂದಲೇ ಕಲಿತೆ. ಪುಟವನ್ನು ಎರಡು ಭಾಗ ಮಾಡಿ. ಎಡಕ್ಕೆ ಕಂಡದ್ದು, ಕೇಳಿದ್ದು. ಅವರ ಮಾತು ಅವರ ಕನ್ನಡದಲ್ಲೇ ಇರಲಿ. ಬಲಕ್ಕೆ ನಿಮಗೆ ಅನಿಸಿದ್ದು. ಕೊನೆಗೆ ಮುಂದಿನ ಭೇಟಿಗೆ ಕೇಳಬೇಕಾದ ಒಂದೇ ಪ್ರಶ್ನೆ. ಭೇಟಿಯಾದ ದಿನ ರಾತ್ರಿಯೇ ಬರೆಯಿರಿ. ಕುಟುಂಬದ ಮೂರು ತಲೆಮಾರಿನ ನಕ್ಷೆ ಬಿಡಿಸಿ. ಯಾರು ಊರಲ್ಲಿದ್ದಾರೆ, ಯಾರು ಇಲ್ಲಿದ್ದಾರೆ, ಕೂಸನ್ನು ನೋಡಿಕೊಳ್ಳುವವರು ಯಾರು ಎಂಬುದು ನಕ್ಷೆಯಲ್ಲಿ ಬೇಗ ಕಾಣುತ್ತದೆ. ಹೆಸರು ಬರೆಯಬೇಡಿ, ಗುರುತಿನ ಅಕ್ಷರ ಸಾಕು. ಆ ವಹಿಯನ್ನು ಲೋಕಲ್ ಟ್ರೇನಿನಲ್ಲಿ ತೆರೆದು ಓದಬೇಡಿ. ಮಕ್ಕಳ ಫೋಟೊ ನಿಮ್ಮ ವಾಟ್ಸಾಪ್ ಸ್ಟೇಟಸ್ಸಿಗೆ ಎಂದೂ ಬೇಡ.

ಎಂಟನೆಯ ಹೆಜ್ಜೆ: ನಿಮ್ಮ ಮನಸ್ಸು, ಮೊದಲ ನೌಕರಿ

ಕೆಲವು ದಿನ ಮನೆಗೆ ಬಂದು ಊಟ ಸೇರುವುದಿಲ್ಲ. ಅದನ್ನು ಐಸಿಯಲ್ಲಿ ಬಾಯಿಬಿಟ್ಟು ಹೇಳಿ, ಅದು ಅದಕ್ಕಾಗಿಯೇ ಇರುವುದು. ನಿದ್ದೆ ಕೆಟ್ಟರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಕರೆಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ನೌಕರಿಯ ಸಂದರ್ಶನದಲ್ಲಿ ಸಂಬಳದ ಜೊತೆಗೆ ಮೂರು ಪ್ರಶ್ನೆ ನೀವೂ ಕೇಳಿ: ಒಬ್ಬರ ಕೈಯಲ್ಲಿ ಎಷ್ಟು ಕುಟುಂಬ? ನನ್ನ ಕೆಲಸವನ್ನು ಯಾರು, ಎಷ್ಟು ದಿನಕ್ಕೊಮ್ಮೆ ಕೂತು ನೋಡುತ್ತಾರೆ? ಸಂಜೆ ಮನೆಭೇಟಿಗೆ ಒಬ್ಬಳೇ ಹೋಗಬೇಕೇ? ಸಂಸ್ಥೆಯ ಕೆಲಸ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಗುತ್ತಿಗೆ ಹುದ್ದೆ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗ, ಯಾವುದಾದರೂ ಸರಿ, ಮೊದಲ ಎರಡು ವರ್ಷ ಕಲಿಸುವವರಿರುವ ಕಡೆ ಇರಿ. ಬಾಲಕಲ್ಯಾಣ ಸಮಿತಿಯ ಸದಸ್ಯರಾಗುವ ಆಸೆಯಿದ್ದರೆ, ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಏಳು ವರ್ಷ ದುಡಿದ ಅನುಭವವನ್ನು ಕಾನೂನು ಕೇಳುತ್ತದೆ. ನೇಮಕಪತ್ರ, ಅನುಭವಪತ್ರ ಮೊದಲ ದಿನದಿಂದ ಜೋಪಾನ ಮಾಡಿ.

ಆ ಕುರ್ಲಾದ ಹುಡುಗಿ ಈಗ ಎಂಎಸ್‌ಡಬ್ಲ್ಯೂ ಎರಡನೆಯ ವರ್ಷದಲ್ಲಿದ್ದಾಳೆ. ಕಳೆದ ತಿಂಗಳು ಸಂಜೆ ಆರೂವರೆಗೆ ಸೈಟಿನಿಂದ ಫೋನ್ ಮಾಡಿದಳು. "ಅಕ್ಕಾ, ಇಲ್ಲೊಬ್ಬಳು ತಾಯಿ, ಹೆತ್ತು ಒಂಬತ್ತು ದಿನ ಆಗಿದೆ. ಮೂರು ದಿನದಿಂದ ನಿದ್ದೆ ಇಲ್ಲ, ಕೂಸು ತನ್ನದಲ್ಲ ಅಂತಾಳೆ. ಮನೆಯವರು 'ಸನ್ನಿ ಬಡದಾದ' ಅಂತಿದ್ದಾರೆ, ತಾಯತ ಕಟ್ಟಿಸ್ಲಿಕ್ಕೆ ಹೊರಟಿದ್ದಾರೆ. ಸನ್ನಿ ಅಂದ್ರೆ ಏನು?" ಬಾಣಂತಿ ಸನ್ನಿ ಅಂದರೆ ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆ ಇರಬಹುದು, ಬೆಳಗಾಗುವವರೆಗೆ ಕಾಯಬೇಡ, ತಾಯಿ-ಕೂಸನ್ನು ಒಂಟಿಯಾಗಿ ಬಿಡಬೇಡ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ ಅಂದೆ. ತಾಯತ ಬೇಡ ಎಂದು ಜಗಳ ಮಾಡಬೇಡ, ಕಟ್ಟಿಸಿಕೊಂಡೇ ಬರಲಿ ಅಂದೆ. ಎಂಟು ಗಂಟೆಗೆ ಅವರು ಆಸ್ಪತ್ರೆಯಲ್ಲಿದ್ದರು. ರಾತ್ರಿ ಹನ್ನೊಂದಕ್ಕೆ ಅವಳ ವರದಿ ನನಗೂ ಬಂತು, ಗಂಟೆ-ನಿಮಿಷದ ಸಮೇತ, ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ಕೊನೆಯಲ್ಲಿ ನಾಳೆಗೆ ಒಂದು ಪ್ರಶ್ನೆ: "ತಾಯಿ ಆಸ್ಪತ್ರೆಯಲ್ಲಿರುವಾಗ ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು?"